ನೆಲದಿಂದ ಗೇಣೆತ್ತರ

ಪರೇಲ್, ಬೊಂಬಾಯಿ
14-8-1957

ಅಕ್ಕನಿಗೆ ಮಹದೇವುವಿನ ನಮಸ್ಕಾರ.

ನೀನು ಆಸ್ಪತ್ರೆಯಿಂದ ಒಂಟಿಕೊಪ್ಪಲಿನ ಮನೆಗೆ ಬಂದೆ ಅಂತ ಭಾವ ಹಾಕಿದ ಕಾರ್ಡು ನೆನ್ನೆ ಕೈಸೇರಿತು. ಬೆನ್ನುಮೂಳೆಯ ಕ್ಷಯ ವಾಸಿಯಾಗಿದೆ, ಜೀವಕ್ಕೆ ಭಯವಿಲ್ಲ, ಕಾಲಿಗೆ ಮಾತ್ರ ಇನ್ನು ಸ್ವಾಧೀನ ಬರುವುದಿಲ್ಲ ಅಂತ ಡಾಕ್ಟರು ಹೇಳಿದರಂತೆ. ಅಷ್ಟೇ ಬರೆದಿದ್ದಾರೆ. ದಿನವೆಲ್ಲ ಬಸ್ಸಿನಲ್ಲಿ ಕೂಗುವ ಕಂಡಕ್ಟರು ಕಾಗದ ಬರೆಯಲು ಕೂತರೆ ಮಾತೇ ಹೊರಡುವುದಿಲ್ಲ ನೋಡು.

ಓದಿದ ಮೇಲೆ ರೂಮಿನಲ್ಲಿ ಕೂರಲಾಗದೆ ದಾದರಿನವರೆಗೂ ನಡೆದುಕೊಂಡು ಹೋದೆ. ನಡೆಯುತ್ತಿದ್ದೇನೆ ಎನ್ನುವುದೇ ತಪ್ಪು ಅನ್ನಿಸಿ ಒಂದು ಕಡೆ ನಿಂತುಬಿಟ್ಟೆ. ಹೊಸ ಕೆಲಸ, ರಜೆ ಕೇಳುವ ಹಾಗಿಲ್ಲ. ಇಲ್ಲಿ ಆಫೀಸುಗಳಿಗೆ ಉಕ್ಕಿನ ಕುರ್ಚಿ, ಮೇಜು, ಬೀರು ಮಾಡುತ್ತಾರೆ. ಅವುಗಳ ನಕ್ಷೆ ಬರೆಯುವುದು ನನ್ನ ಕೆಲಸ. ಯಾರು ಕೂರುತ್ತಾರೋ ಗೊತ್ತಿಲ್ಲದ ಕುರ್ಚಿಗಳನ್ನು ದಿನವೆಲ್ಲ ಬರೆಯುತ್ತೇನೆ. ಇನ್ನು ಮೇಲೆ ಒಂದು ಕುರ್ಚಿಯನ್ನು ಗೊತ್ತಿರುವವಳಿಗಾಗಿ ಬರೆಯುತ್ತೇನೆ. ಚಕ್ರದ ಕುರ್ಚಿ. ಅಪ್ಪ ಅವ್ವ ಹೋದ ಮೇಲೆ ಹೂಟಗಳ್ಳಿಯಿಂದ ಮೈಸೂರಿನ ಸ್ಕೂಲಿಗೆ ನನ್ನನ್ನು ಕಳಿಸಿದವಳು ನೀನು. ಇಷ್ಟನ್ನಾದರೂ ಮಾಡಲು ಬಿಡು.

ನಿನ್ನ ಅಳತೆ ಬೇಕು. ಸೊಂಟದಿಂದ ಮಂಡಿಗೆ, ಮಂಡಿಯಿಂದ ಪಾದಕ್ಕೆ, ಮೊಣಕೈ ಎಷ್ಟು ಎತ್ತರಕ್ಕೆ ಬರುತ್ತದೆ, ಎಲ್ಲ. ಬೇಗ ಕಳಿಸು.

ನಿನ್ನ ತಮ್ಮ
ಮಹದೇವು

*

ಒಂಟಿಕೊಪ್ಪಲ್, ಮೈಸೂರು
2-9-1957

ಮಹದೇವುಗೆ ಅಕ್ಕ ಶಿವನಂಜಮ್ಮನ ಆಶೀರ್ವಾದ.

ನಾನು ಚೆನ್ನಾಗಿದ್ದೀನಿ ಕಣೋ. ನೀನು ದಾದರಿಗೆ ನಡ್ಕೊಂಡು ಹೋಗಿ ಚಪ್ಪಲಿ ಸವೆಸಬೇಡ. ಇಲ್ಲಿ ನಿಮ್ಮ ಭಾವ ಬೆಳಿಗ್ಗೆ ಡ್ಯೂಟಿಗೆ ಹೋಗೋ ಮೊದಲು ಎತ್ಕೊಂಡು ಬಂದು ನಡುಮನೆಯಲ್ಲಿ ಕೂರಿಸ್ತಾರೆ. ಕಿಟಕಿಯಿಂದ ಆಕಾಶ ಕಾಣುತ್ತೆ. ಅತ್ತೆ ಊಟ ತಂದ್ಕೊಡ್ತಾರೆ. ಏನೂ ಕಮ್ಮಿ ಇಲ್ಲ.

ಮನೇಲಿ ಟೇಪು ಇಲ್ಲ. ಅದಕ್ಕೆ ದಾರದಲ್ಲಿ ಅಳೆದು ಗಂಟು ಹಾಕಿ ಕಳಿಸಿದ್ದೀನಿ. ಕೆಂಪು ದಾರ ಸೊಂಟದಿಂದ ಮಂಡಿಗೆ, ಬಿಳಿ ದಾರ ಮಂಡಿಯಿಂದ ಪಾದಕ್ಕೆ, ಹಸಿರು ಮೊಣಕೈದು. ಅತ್ತೆ ನೋಡಿ, ಇದೇನು ಮಾಟ ಮಾಡ್ತಿದ್ದೀಯ ಅಂತ ನಕ್ಕರು.

ಒಂದು ಮಾತು. ಕುರ್ಚಿ ಸ್ವಲ್ಪ ಕೆಳಗಿದ್ರೆ ಒಳ್ಳೇದು. ನಿನಗೆ ಗೊತ್ತಲ್ಲ ನಮ್ಮನೆ. ಆಮೇಲೆ ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ

*

ಬೊಂಬಾಯಿ
20-1-1958

ಅಕ್ಕ,

ಇವತ್ತು ರೈಲ್ವೆ ಪಾರ್ಸೆಲ್ಲಿನಲ್ಲಿ ಕುರ್ಚಿ ಹೊರಟಿತು. ಗೋಣಿ ಸುತ್ತಿ, ಒಣಹುಲ್ಲು ತುಂಬಿ, ನಾನೇ ಕೂತು ಹೊಲಿದೆ. ರಸೀತಿ ಈ ಕಾಗದದ ಜೊತೆ ಇದೆ. ಭಾವನಿಗೆ ಸ್ಟೇಷನ್ನಿನಿಂದ ಬಿಡಿಸಿಕೊಳ್ಳಲು ಹೇಳು.

ಅದು ಎಷ್ಟು ಚೆನ್ನಾಗಿ ಬಂದಿದೆ ಅಂತ ಹೇಗೆ ಹೇಳಲಿ! ಉಕ್ಕಿನ ಕೊಳವೆಯನ್ನು ಎಲ್ಲೂ ಕತ್ತರಿಸದೆ ಒಂದೇ ಗೆರೆಯಲ್ಲಿ ಬಾಗಿಸಿದ್ದೇನೆ. ಬೆನ್ನಿನಿಂದ ಇಳಿದು, ಕೈಯಾಗಿ, ಕಾಲಾಗಿ, ಮತ್ತೆ ಬೆನ್ನಿಗೇ ಬರುತ್ತದೆ. ಹಿಂದೆ ದೊಡ್ಡ ಚಕ್ರ, ಮುಂದೆ ಸಣ್ಣದು. ನಮ್ಮ ದೊಡ್ಡ ಎಂಜಿನಿಯರು ಎರಡು ಸಲ ಸುತ್ತು ಹಾಕಿ ನೋಡಿ, "ಇದನ್ನು ಕ್ಯಾಟಲಾಗಿಗೆ ಹಾಕೋಣ" ಎಂದರು. ಇಲ್ಲಿಗೆ ಬಂದಮೇಲೆ ನನ್ನ ನಕ್ಷೆಗೆ ಯಾರಾದರೂ ಸುತ್ತು ಹಾಕಿದ್ದು ಇದೇ ಮೊದಲು.

ನೀನು ಕೆಳಗಿರಲಿ ಅಂದಿದ್ದೆ. ಯೋಚನೆ ಮಾಡಿದೆ. ಯಾಕೆ ಕೆಳಗಿರಬೇಕು? ಎಲ್ಲರ ಕಣ್ಣಿಗೂ ಸಮನಾಗಿ ನೀನು ಕೂರಬೇಕು ಅಕ್ಕ. ಯಾರೂ ನಿನ್ನನ್ನು ಬಗ್ಗಿ ನೋಡಬಾರದು. ಆದ್ದರಿಂದ ಎತ್ತರವಾಗಿಯೇ ಇಟ್ಟೆ.

ಕೂತ ತಕ್ಷಣ ಬರಿ.

ಮಹದೇವು

*

ಮೈಸೂರು
11-2-1958

ಮಹದೇವುಗೆ ಆಶೀರ್ವಾದ.

ಕುರ್ಚಿ ಬಂತು. ಜಟಕಾದಲ್ಲಿ ತಂದು ಇಳಿಸಿದಾಗ ಬೀದಿಯೋರೆಲ್ಲ ಸೇರಿದ್ರು. ಹಿಂದಿನ ಮನೆ ಸುಮಿತ್ರಮ್ಮ ಮುಟ್ಟಿ ನೋಡಿ, "ಏನ್ ಹೊಳಪು ಕಣಮ್ಮಾ, ಮುಖ ಕಾಣುತ್ತೆ" ಅಂದ್ರು. ನಿಮ್ಮ ಭಾವ ನನ್ನ ಎತ್ತಿ ಕೂರಿಸಿ, ನಡುಮನೇಲಿ ಅತ್ಲಾಗಿಂದ ಇತ್ಲಾಗೆ ತಳ್ಳಿದ್ರು. ತಳ್ಳುವಾಗ ನಕ್ಕರು ಕೂಡ. ಅವರು ನಕ್ಕಿದ್ದು ನೋಡಿ ಬಹಳ ದಿನ ಆಗಿತ್ತು.

ನಿನ್ನ ಕೆಲಸ ಬಹಳ ಅಂದವಾಗಿದೆ. ನಮ್ಮಪ್ಪ ಇದ್ದಿದ್ರೆ ಹೂಟಗಳ್ಳಿಗೆಲ್ಲ ಕೂಗಿ ಹೇಳ್ತಿತ್ತು.

ಅತ್ತೆಗೆ ಕೈಲಾಗಲ್ಲ ಅಂತ ಅಡಿಗೆಗೆ ಅವರ ಅಣ್ಣನ ಮಗಳು ಲಕ್ಷ್ಮಮ್ಮನ್ನ ಊರಿಂದ ಕರೆಸಿಕೊಂಡಿದ್ದಾರೆ. ಒಳ್ಳೆ ಹುಡುಗಿ. ಮಾತು ಕಮ್ಮಿ. ಸಾರು ಚೆನ್ನಾಗಿ ಮಾಡ್ತಾಳೆ.

ಅಕ್ಕ

*

ಬೊಂಬಾಯಿ
3-6-1958

ಅಕ್ಕ,

ನಿನ್ನ ಕಾಗದವಿಲ್ಲ. ಮಾರ್ಚಿನಲ್ಲಿ ಬರೆದೆ, ಏಪ್ರಿಲ್ಲಿನಲ್ಲಿ ಬರೆದೆ. ಸಿಟ್ಟೇ?

ನಾನು ರೂಮು ಬದಲಾಯಿಸಿದ್ದೇನೆ. ಕಾಗದದ ಹಿಂಬದಿಯಲ್ಲಿರುವ ವಿಳಾಸಕ್ಕೆ ಬರಿ. ಹಳೆಯ ರೂಮಿನಲ್ಲಿ ನಿದ್ದೆ ಬರುತ್ತಿರಲಿಲ್ಲ, ಇದರಲ್ಲೂ ಬರುವುದಿಲ್ಲ. ಯಾವ ಸಾಮಾನನ್ನು ನೋಡಿದರೂ ಸರಿಯಿಲ್ಲ ಅನ್ನಿಸುತ್ತದೆ. ಹೋಟೆಲಿನ ಲೋಟದ ಅಂಚು, ಟ್ರಾಮಿನ ಹಿಡಿ, ಬಾಗಿಲ ಚಿಲಕ. ನಿಂತಲ್ಲೇ ಅದನ್ನು ಮನಸ್ಸಿನೊಳಗೆ ಬಿಚ್ಚಿ ಬೇರೆ ಥರ ಜೋಡಿಸುತ್ತಿರುತ್ತೇನೆ. ಟ್ರಾಮು ಮುಂದಕ್ಕೆ ಹೋಗಿಬಿಡುತ್ತದೆ. ನಾನು ಇಳಿಯಬೇಕಾದ ಸ್ಟಾಪಿನಲ್ಲಿ ಇಳಿದಿರುವುದಿಲ್ಲ.

ಒಂದು ಸಂತೋಷದ ಸುದ್ದಿ. ನಿನ್ನ ಕುರ್ಚಿಯಂಥದೇ ಇನ್ನೊಂದನ್ನು ಮಾಡಿ ಇಲ್ಲಿನ ಒಂದು ಪ್ರದರ್ಶನಕ್ಕೆ ಕಳಿಸುತ್ತಿದ್ದಾರೆ. ನೀನು ಅದರಲ್ಲಿ ಕೂತು ಮನೆಗೆಲಸ ಮಾಡುತ್ತಿರುವ ಒಂದು ಫೋಟೋ ಬೇಕು ಅಂತ ಎಂಜಿನಿಯರು ಕೇಳಿದ್ದಾರೆ. ಭಾವನಿಗೆ ಹೇಳಿ ಸ್ಟುಡಿಯೋದವರನ್ನು ಮನೆಗೇ ಕರೆಸು. ತರಕಾರಿ ಹೆಚ್ಚುತ್ತಿರುವ ಹಾಗೆ ಇದ್ದರೆ ಚೆನ್ನ.

ಮಹದೇವು

*

ಮೈಸೂರು
30-8-1958

ಮಹದೇವುಗೆ,

ಫೋಟೋ ಆಗಲಿಲ್ಲ. ನಿಮ್ಮ ಭಾವನಿಗೆ ಈಗ ಚಾಮರಾಜನಗರದ ಟ್ರಿಪ್ಪು, ಪುರುಸೊತ್ತಿಲ್ಲ. ಎಲ್ಲರೂ ಕ್ಷೇಮ. ಲಕ್ಷ್ಮಮ್ಮ ಎಲ್ಲ ನೋಡ್ಕೋತಾಳೆ.

ಅಕ್ಕ

*

ಬೊಂಬಾಯಿ
17-11-1958

ಅಕ್ಕ,

ಮೊನ್ನೆ ಕೃಷ್ಣಮೂರ್ತಿಪುರಂನ ಶಾಮಣ್ಣ ಮರದ ವ್ಯಾಪಾರಕ್ಕೆ ಅಂತ ಇಲ್ಲಿಗೆ ಬಂದಿದ್ದರು. ಊಟಕ್ಕೆ ಕರೆದುಕೊಂಡು ಹೋದೆ. ಅನ್ನ ಕಲಸುತ್ತಾ, "ನಿಮ್ಮ ಭಾವ ಜವರಯ್ಯನಿಗೆ ಅವರಮ್ಮ ಇನ್ನೊಂದು ಮದುವೆ ಮಾಡ್ತಾರಂತಲ್ಲಪ್ಪಾ, ಹುಡುಗಿ ಮನೇಲೇ ಇದ್ದಾಳಂತೆ" ಅಂದರು.

ನೀನು ಯಾಕೆ ಬರೆಯಲಿಲ್ಲ? ಮಾತು ಕಮ್ಮಿ, ಸಾರು ಚೆನ್ನಾಗಿ ಮಾಡ್ತಾಳೆ ಅಂತ ಬರೆದೆಯಲ್ಲ, ಅವಳೇ ತಾನೆ?

ಈಗ ಕಾನೂನು ಬಂದಿದೆ. ಒಬ್ಬಳು ಹೆಂಡತಿ ಬದುಕಿರುವಾಗ ಇನ್ನೊಬ್ಬಳನ್ನು ಕಟ್ಟಿಕೊಂಡರೆ ಜೈಲು. ಭಾವನಿಗೆ ನಾನೇ ಬಂದು ಓದಿ ಹೇಳುತ್ತೇನೆ. ನೀನು ಹೊರಡಲು ಸಿದ್ಧವಾಗಿರು. ಕುರ್ಚಿಯ ಸಮೇತ ನಿನ್ನನ್ನು ಇಲ್ಲಿಗೆ ಕರೆದುಕೊಂಡು ಬರುತ್ತೇನೆ. ಆ ಮನೆಯಲ್ಲಿ ನೀನಿರುವುದು ಬೇಡ.

ಮಹದೇವು

*

ಮೈಸೂರು
29-11-1958

ಮಹದೇವು,

ನೀನು ಬಂದು ಜಗಳ ಆಡೋದು ಬೇಡ. ಮೊದಲು ಇದನ್ನ ಕೂತು ಓದು.

ನೀನು ಕಳಿಸಿದ ಕುರ್ಚಿಯಲ್ಲಿ ನಾನು ಕೂತಿದ್ದು ಮೊದಲ ವಾರ ಮಾತ್ರ. ಈಗ ಅದು ನಡುಮನೆಯಲ್ಲಿ ಬಂದೋರು ಕೂತ್ಕೊಳ್ಳೋ ಕುರ್ಚಿ. ನಿಮ್ಮ ಭಾವ ಡ್ಯೂಟಿಯಿಂದ ಬಂದು ಖಾಕಿ ಕೋಟು ಅದರ ಬೆನ್ನಿಗೆ ಹಾಕ್ತಾರೆ. ಫೋಟೋ ಎಲ್ಲಿಂದ ಕಳಿಸಲಿ?

ಏನಾಯ್ತು ಅಂತೀಯ? ನಮ್ಮನೆ ಒಲೆ ಎಲ್ಲಿದೆ? ನೆಲದ ಮೇಲೆ. ಈಳಿಗೆಮಣೆ ಎಲ್ಲಿದೆ? ನೆಲದ ಮೇಲೆ. ಒರಳು, ಬಿಂದಿಗೆ, ಬಚ್ಚಲು ಎಲ್ಲ ನೆಲದ ಮೇಲೆ. ಮಲಗೋದು ಚಾಪೆ ಮೇಲೆ. ಕುರ್ಚಿ ಮೇಲೆ ಕೂತ್ರೆ ನನ್ನ ಕೈಗೆ ಸಿಗೋದು ಗಾಳಿ ಮಾತ್ರ. ಹೊಸ್ತಿಲು ದಾಟಬೇಕಾದ್ರೆ ಇಬ್ಬರು ಬೇಕು. ಅತ್ತೆ ನೆಲದ ಮೇಲೆ ಕೂತು ಉಣ್ಣುವಾಗ ಅವರ ತಲೆ ಮೇಲೆ ನಾನು ಕೂತು ಹೇಗೆ ಉಣ್ಣಲಿ? "ಏನಮ್ಮಾ, ಮಹಾರಾಣಿಯೋರಿಗೆ ಬಡಿಸ್ಲಾ?" ಅಂದ್ರು ಒಂದಿನ. ತಮಾಷೆಗೇ ಅಂದಿರಬೌದು. ನಾನು ಅವತ್ತೇ ಇಳಿಸಿ ಅಂದೆ.

ಎಲ್ಲರ ಕಣ್ಣಿಗೂ ಸಮನಾಗಿ ಕೂರಬೇಕು ಅಂತ ಬರೆದೆಯಲ್ಲ. ನಮ್ಮನೇಲಿ ಎಲ್ಲರ ಕಣ್ಣೂ ನೆಲದ ಹತ್ರ ಇರುತ್ತೆ ಕಣೋ. ನೀನೂ ಅಲ್ಲೇ ಬೆಳೆದೋನು. ಬೊಂಬಾಯಿಗೆ ಹೋಗಿ ಮರ್ತುಬುಟ್ಟೆಯಾ?

ಈಗ ಗೋಣಿತಾಟಿನ ಮೇಲೆ ಕೂತು, ಕೈ ಊರಿ ಎಳ್ಕೊಂಡು ಹೋಗ್ತೀನಿ. ತೊಡೆ ಚರ್ಮ ಕಿತ್ತಿದೆ. ಹೋದ ತಿಂಗಳು ಒಲೆ ಮುಂದೆ ಕೂತಿದ್ದಾಗ ಕೆಂಡ ಉರುಳಿ ಪಾದದ ಮೇಲೆ ಬಿತ್ತು. ನನಗೆ ಗೊತ್ತೇ ಆಗಲಿಲ್ಲ. ವಾಸನೆ ಬಂದಮೇಲೆ ಬಗ್ಗಿ ನೋಡಿದೆ. ಅವತ್ತಿಂದ ಅತ್ತೆ ಅಡಿಗೆಮನೆಗೆ ಬರಬೇಡ ಅಂದ್ರು. ಮೂರು ದಿನ ಆದಮೇಲೆ ಮದುವೆ ಮಾತು ಎತ್ತಿದ್ರು. ನನ್ನ ಎದುರಿಗೇ ಎತ್ತಿದ್ರು, ಕದ್ದುಮುಚ್ಚಿ ಅಲ್ಲ. "ನಿನ್ನ ಬಿಡು ಅಂತ ಹೇಳ್ತಿಲ್ಲ ಕಣವ್ವ, ಮನೆಗೊಂದು ಕೈ ಬೇಕಲ್ಲ" ಅಂದ್ರು.

ನಿಮ್ಮ ಭಾವ ಹೂಂ ಅನ್ನಲಿಲ್ಲ. ಉಹೂಂ ಅಂತಲೂ ಅನ್ನಲಿಲ್ಲ. ಕೈ ತೊಳೆದು ಎದ್ದು ಹೋದ್ರು. ನನಗೆ ಅತ್ತೆ ಮಾತಿಗಿಂತ ಅದೇ ಭಯ. ಕಾನೂನು ಅಂತೀಯ. ಪೋಲೀಸರು ಬಂದು ಈ ಮನೇಲಿ ನನ್ನ ಕೂರಿಸಿ ಹೋದ್ರೆ ಆಮೇಲೆ ನಾನು ಯಾರ ಮುಖ ನೋಡ್ಕೊಂಡು ಕೂತಿರಲಿ?

ಬೊಂಬಾಯಿಗೂ ಬರಲ್ಲ. ಅಲ್ಲಿ ನಿನ್ನ ರೂಮಿನ ಗೋಡೆ ನೋಡ್ಕೊಂಡು ಕೂರೋಕೆ ನನಗೆ ಇಲ್ಲಿನ ಗೋಡೆ ಸಾಕು.

ಅಕ್ಕ

*

ಬೊಂಬಾಯಿ
8-12-1958

ಅಕ್ಕ,

ನಿನ್ನ ಕಾಗದ ಬಂದ ದಿನ ಕೆಲಸಕ್ಕೆ ಹೋಗಲಿಲ್ಲ. ರೂಮಿನ ಬಾಗಿಲು ಹಾಕಿ, ಟವಲಿನಿಂದ ಎರಡೂ ಕಾಲು ಕಟ್ಟಿಕೊಂಡು ನೆಲದ ಮೇಲೆ ಕೂತೆ. ಟೀ ಮಾಡಿಕೊಳ್ಳೋಣ ಅಂತ ಸ್ಟವ್ವಿನ ಹತ್ತಿರ ಎಳೆದುಕೊಂಡು ಹೋದೆ. ಕೈ ಎರಡೂ ನಡೆಯುವುದಕ್ಕೆ ಬೇಕು, ಹಾಗಾದರೆ ಪಾತ್ರೆ ಹಿಡಿಯುವವರು ಯಾರು? ಹಾಲು ಚೆಲ್ಲಿತು. ಬೆರಳ ಗೆಣ್ಣು ತರಚಿತು. ಕಾಲು ಹಿಂದಿನಿಂದ ಬೇರೆಯವರದ್ದೇನೋ ಅನ್ನುವಂತೆ ಬರುತ್ತಿತ್ತು, ಎಲ್ಲಿ ತಾಕುತ್ತಿದೆ ಅಂತ ತಿರುಗಿ ತಿರುಗಿ ನೋಡಬೇಕಾಯಿತು. ಸಂಜೆ ಟವಲು ಬಿಚ್ಚಿ ಎದ್ದು ನಿಂತೆ. ನೀನು ಬಿಚ್ಚಲಾರೆ ಅನ್ನುವುದು ಆಗ ಹೊಕ್ಕಿತು ನನ್ನ ತಲೆಗೆ.

ಪ್ರದರ್ಶನದಲ್ಲಿ ಕುರ್ಚಿಗೆ ಬಹುಮಾನ ಬಂತು. ಅದನ್ನು ಬರೆದು ನಿನಗೆ ಸಂತೋಷ ಕೊಡೋಣ ಅಂತಿದ್ದೆ. ಪದಕವನ್ನು ಪೆಟ್ಟಿಗೆಯಿಂದ ತೆಗೆದೂ ನೋಡಿಲ್ಲ.

ರಜೆ ಕೇಳಿದೆ. ಕೊಡುವುದಿಲ್ಲ ಅಂದರು. ಹಾಗಾದರೆ ಕೆಲಸ ಬಿಡುತ್ತೇನೆ ಅಂದಮೇಲೆ ಕೊಟ್ಟರು. ಜನವರಿಯಲ್ಲಿ ಬರುತ್ತೇನೆ. ಜಗಳಕ್ಕಲ್ಲ. ಉಳಿ, ಗರಗಸ ತರುತ್ತೇನೆ. ನಿಮ್ಮನೆಯ ನೆಲದ ಮೇಲೆ ಕೂತು ಮೊದಲಿನಿಂದ ಶುರುಮಾಡುತ್ತೇನೆ.

ಮಹದೇವು

*

ಬೊಂಬಾಯಿ
12-3-1959

ಅಕ್ಕ,

ಸುಖವಾಗಿ ಬಂದು ತಲುಪಿದೆ. ರೈಲು ಮಂಡ್ಯ ದಾಟುವವರೆಗೂ ನೀನು ಅಡಿಗೆಮನೆಯಿಂದ ಬಚ್ಚಲಿಗೆ ಹೋದ ಶಬ್ದವೇ ಕಿವಿಯಲ್ಲಿತ್ತು, ಗರ್ರ್ ಅಂತ. ಚಕ್ರಕ್ಕೆ ಎಣ್ಣೆ ಬಿಡಲು ಮರೆಯಬೇಡ.

ನಿನ್ನ ಜೊತೆ ಜಗಳ ಆಡಿ ಆಡಿ ಆದ ಚಕ್ರದ ಪೀಠ ಅದು. ಮೊದಲನೆಯದು ಮಗುಚಿತು, ಎರಡನೆಯದು ತುಂಬ ಅಗಲವಾಗಿ ಬಾಗಿಲಲ್ಲಿ ಸಿಕ್ಕಿಕೊಂಡಿತು. ಮೂರನೆಯದನ್ನು ಕೃಷ್ಣಮೂರ್ತಿಪುರಂನ ಬಡಗಿ ಮಹದೇವಪ್ಪನವರ ಕೊಟ್ಟಿಗೆಯಲ್ಲಿ ಕೂತು ಕೆತ್ತುವಾಗ ನಾನು ತಿಂಗಳುಗಟ್ಟಲೆ ಬೊಂಬಾಯಿಯಲ್ಲಿ ಕಾಣದ ನೆಮ್ಮದಿ ಒಂದು ಗಳಿಗೆ ಬಂದು ಹೋಯಿತು. ನೆಲದಿಂದ ಗೇಣೆತ್ತರ. ಬೆತ್ತ ಹೆಣೆದ ಪೀಠ, ಕೆಂಡ ಬೀಳದ ಹಾಗೆ ಪಾದದ ಮುಂದೆ ಎದ್ದ ಅಂಚು, ನೆಲ ತಳ್ಳಲು ಎರಡು ಮರದ ಹಿಡಿ. ಹೊಸ್ತಿಲ ಮೇಲೆ ಹಾಯಿಸಿದ ಇಳಿಜಾರು ಹಲಗೆಗೆ ನಿಮ್ಮತ್ತೆ ಮೊದಲು ಬೈದು, ಆಮೇಲೆ ತಾವೇ ಅರಿಸಿನ ಕುಂಕುಮ ಇಟ್ಟರಲ್ಲ, ಅದು ನನಗೆ ಪದಕಕ್ಕಿಂತ ಹೆಚ್ಚು.

ಮದುವೆಯ ವಿಷಯ ಭಾವನ ಜೊತೆ ಮಾತಾಡಬೇಡ ಅಂತ ನೀನು ಅಂದಿದ್ದೆ, ಆಡಲಿಲ್ಲ. ಆದರೆ ಇನ್ನು ಆ ಮಾತು ಯಾಕೆ ಬರುತ್ತದೆ? ನೀನೇ ಒಲೆ ಮುಂದೆ ಕೂತು ಎಲ್ಲ ಮಾಡುತ್ತೀಯ. ಮನೆಗೊಂದು ಕೈ ಬೇಕು ಅಂದರಲ್ಲ, ಎರಡು ಕೈ ಸಿಕ್ಕಿತು. ಲಕ್ಷ್ಮಮ್ಮ ಊರಿಗೆ ಹೋದಳೇ? ಅಡಿಗೆಮನೆ ಹೇಗೆ ನಡೆಯುತ್ತಿದೆ, ವಿವರವಾಗಿ ಬರಿ.

ಮಹದೇವು

*

ಮೈಸೂರು
25-3-1959

ಮಹದೇವುಗೆ ಆಶೀರ್ವಾದ.

ಅಡಿಗೆಮನೆ ಚೆನ್ನಾಗಿ ನಡೀತಿದೆ. ಸೋಮವಾರ ನಾನೇ ಮುದ್ದೆ ತಿರುವಿದೆ. ಮಡಕೆನ ಪೀಠದ ಅಂಚಿಗೆ ಒತ್ತಿ ಹಿಡಿದ್ರೆ ಅಲ್ಲಾಡಲ್ಲ, ಬಲ ಸಿಗುತ್ತೆ. ಅತ್ತೆ ಉಂಡು, "ಸಾರಿಗೆ ಉಪ್ಪು ಕಮ್ಮಿ" ಅಂದ್ರು. ಅವರು ಹಾಗೆ ಅಂದ್ರೆ ಚೆನ್ನಾಗಿದೆ ಅಂತ ಅರ್ಥ.

ನೀನು ವಿವರವಾಗಿ ಬರಿ ಅಂದೆ. ವಿವರ ಬೇರೆ ಇದೆ.

ಅವತ್ತು ಊಟ ಆದಮೇಲೆ ಅತ್ತೆ ಮಲಗಿದ್ರು. ಲಕ್ಷ್ಮಮ್ಮ ಬೀದಿ ನಲ್ಲಿಗೆ ಹೊರಟಿದ್ಲು. "ನಾನೂ ಬರ್ತೀನಿ ಕಣೇ" ಅಂದೆ. ಅವಳು ಬಿಂದಿಗೆ ಕೆಳಗಿಟ್ಟು ನನ್ನ ಮುಖ ನೋಡಿದ್ಲು. ಆಮೇಲೆ ಹಲಗೆ ತಂದು ಮೆಟ್ಟಿಲ ಮೇಲೆ ಹಾಕಿ ಹಿಂದಿಂದ ಹಿಡ್ಕೊಂಡ್ಲು. ಇಳಿದೆ.

ಬೀದಿಗೆ ಇಳಿದು ತಿರುಗಿ ನೋಡ್ತೀನಿ, ನಮ್ಮನೆ ಮುಂಭಾಗ. ಸುಣ್ಣ ಉದುರಿದೆ. ಬಾಗಿಲ ಪಕ್ಕ ದಾಸವಾಳ ಯಾರೋ ನೆಟ್ಟಿದ್ದಾರೆ, ಆಳೆತ್ತರ ಬೆಳೆದಿದೆ. ಆಸ್ಪತ್ರೆಯಿಂದ ಬಂದಾಗಿಂದ ನಾನು ನಮ್ಮನೇನ ಹೊರಗಿಂದ ನೋಡೇ ಇರಲಿಲ್ಲ ಕಣೋ. ಒಳಗೇ ಇದ್ದೋಳಿಗೆ ಮನೆಗೊಂದು ಮುಖ ಇದೆ ಅನ್ನೋದೇ ಮರ್ತೋಗಿತ್ತು. ಅಲ್ಲೇ ಕೂತು ಅತ್ತುಬುಟ್ಟೆ.

ನಲ್ಲಿಯವರೆಗೂ ಹೋಗೋಕೆ ಆಗಲಿಲ್ಲ. ನಿನ್ನ ಚಕ್ರ ಮನೆ ನೆಲಕ್ಕೆ ಸರಿ, ಬೀದಿ ಕಲ್ಲಿಗೆ ಸಿಕ್ಕಿ ನಿಂತುಬಿಡುತ್ತೆ. ಲಕ್ಷ್ಮಮ್ಮ ಎಳೆದು ಎಳೆದು ಸುಸ್ತಾದ್ಲು. ವಾಪಸು ಬರುವಾಗ ಮೆಟ್ಟಿಲ ಹತ್ರ ಕೂತು, "ಅಕ್ಕಾ, ನಂಗೆ ಈ ಮದ್ವೆ ಬ್ಯಾಡ. ಅತ್ತೆಗೆ ಎಂಗೆ ಯೋಳ್ಲಿ? ನೀನು ನನ್ನ ಸವತಿ ಅಂದ್ಕಂಡು ಒಂದಿನಾನೂ ಬೈಲಿಲ್ಲ. ಅದ್ಕೇ ನಂಗೆ ಇನ್ನೂ ಭಯ" ಅಂದ್ಲು. ಇಷ್ಟು ದಿನ ಅವಳಿಗೆ ಮಾತು ಕಮ್ಮಿ ಅಂತ ಬರೀತಿದ್ದೆ. ಕೇಳೋರು ಇರಲಿಲ್ಲ ಅಷ್ಟೇ.

ಬೀದಿಗೆ ಆಗೋ ಚಕ್ರ ಮಾಡಿ ಕಳಿಸು. ಬೇಗ.

ಅಕ್ಕ

*

ಬೊಂಬಾಯಿ
2-4-1959

ಅಕ್ಕ,

ಬೀದಿಯ ಮಾತು ಬೇಡ.

ನಿನಗೆ ಹೇಗೆ ಹೇಳಲಿ. ಇಲ್ಲಿ ಸ್ಟೇಷನ್ನಿನ ಬಾಗಿಲಲ್ಲಿ ಕಾಲಿಲ್ಲದವರು ಇಂಥದೇ ಹಲಗೆಯ ಮೇಲೆ ಕೂತು, ಇಂಥದೇ ಮರದ ಹಿಡಿಗಳಿಂದ ನೆಲ ತಳ್ಳುತ್ತಾ ಕೈಚಾಚುತ್ತಾರೆ. ಅವರನ್ನು ನೋಡಿಯೇ ನಾನು ಪೀಠ ಮಾಡುವುದನ್ನು ಕಲಿತಿದ್ದೆ, ನಿನಗೆ ಹೇಳಿರಲಿಲ್ಲ. ಮನೆಯೊಳಗೆ ಅದು ಪೀಠ. ಬೀದಿಯಲ್ಲಿ ಜನ ಬೇರೆ ಹೆಸರಿಡುತ್ತಾರೆ. ನನ್ನ ಅಕ್ಕನನ್ನು ಯಾರಾದರೂ ಹಾಗೆ ಬಗ್ಗಿ ನೋಡಿದರೆ ನಾನು ತಡೆದುಕೊಳ್ಳಲಾರೆ.

ಹೊರಗೆ ಹೋಗಬೇಕಾದರೆ ಆ ಎತ್ತರದ ಕುರ್ಚಿ ಇದೆಯಲ್ಲ. ಲಕ್ಷ್ಮಮ್ಮ ತಳ್ಳಲಿ.

ಮಹದೇವು

*

ಮೈಸೂರು
30-4-1959

ಮಹದೇವುಗೆ,

ನಿನ್ನ ಕಾಗದ ಓದಿ ಎರಡು ದಿನ ಸಿಟ್ಟಲ್ಲಿದ್ದೆ. ಆ ಕುರ್ಚಿ ನಮ್ಮ ಮೆಟ್ಟಿಲು ಇಳಿಸೋಕೆ ಎರಡು ಆಳು ಬೇಕು. ತಳ್ಳೋಕೆ ಒಂದು ಆಳು ಬೇಕು. ನನಗೆ ಬೇಕಾದಾಗ ಅಲ್ಲ, ಅವರಿಗೆ ಬಿಡುವಾದಾಗ ನಾನು ಹೊರಗೆ ಹೋಗಬೇಕು. ಮೂರನೇ ದಿನ ಹಲಗೆ ಹಾಕಿಸ್ಕೊಂಡು ಇದ್ದ ಚಕ್ರದಲ್ಲೇ ಬೀದಿಗೆ ಇಳಿದೆ. ನೀನು ಹೆದರಿದ್ದೇ ಆಯ್ತು. ಹೇಳ್ತೀನಿ ಕೇಳು.

ಕಲ್ಲಿಗೆ ಸಿಕ್ಕಿ ಸಿಕ್ಕಿ ಹೇಗೋ ನಲ್ಲಿ ಹತ್ರ ಹೋಗಿ ಸುಧಾರಿಸ್ಕೊಳ್ತಾ ಕೂತಿದ್ದೆ. ಬೆವರು ಇಳೀತಿತ್ತು, ಸೆರಗು ಧೂಳಾಗಿತ್ತು. ಪಂಚೆ, ಕೋಟು, ರುಮಾಲಿನ ಒಬ್ಬ ದೊಡ್ಡಮನುಷ್ಯರು ದೇವಸ್ಥಾನದ ಕಡೆಯಿಂದ ಬಂದ್ರು. ನನ್ನ ನೋಡಿ, ಜೇಬಿಗೆ ಕೈಹಾಕಿ, ಒಂದಾಣೆ ನನ್ನ ಮಡಿಲಿಗೆ ಹಾಕಿ ಮುಂದೆ ಹೋದ್ರು. ನಲ್ಲಿ ಹತ್ರ ಇದ್ದ ಹೆಂಗಸರು ತಿರುಗಿ ನೋಡಿದ್ರು. ಕೈಯಲ್ಲಿ ಆ ಆಣೆ ಹಿಡಿದು ಏನು ಮಾಡಬೇಕು ಅಂತ ತಿಳೀದೆ ಕೂತಿದ್ದೆ.

ಅಷ್ಟರಲ್ಲಿ ಅತ್ತೆ. ಬಾಗಿಲಲ್ಲಿ ನಿಂತು ನೋಡ್ತಿದ್ರಂತೆ. ಕಾಲಿಗೆ ಚಪ್ಪಲಿ ಇಲ್ಲ, ತಲೆ ಕೆದರಿದೆ, ಹಾಗೇ ಓಡಿ ಬಂದ್ರು. ನನ್ನ ಕೈಯಿಂದ ಆಣೆ ಕಿತ್ಕೊಂಡು ಆ ಯಜಮಾನರ ಹಿಂದೆ ಹೋಗಿ ಅಡ್ಡ ನಿಂತ್ರು.

"ಯಾರ್ಗಯ್ಯಾ ಕಾಸು ಆಕ್ದೆ? ಯಾರ್ಗೆ? ಅವ್ಳು ನನ್ ಸೊಸೆ ಕಣಯ್ಯಾ! ಈ ಬೋರಮ್ಮನ ಸೊಸೆ! ಬೀದಿ ನೋಡಕ್ಕೆ ಬಂದವ್ಳೆ. ನೀನು ಬಂದಂಗೇ ಬಂದವ್ಳೆ!"

ಅವರು, "ತಪ್ಪಾಯ್ತು ತಾಯಿ" ಅಂದ್ರು. ಅತ್ತೆ ಬಿಡಲಿಲ್ಲ. ಆಣೆ ಅವರ ಜೇಬಿಗೇ ಹಾಕಿ, ಮೇಲಿಂದ ತಟ್ಟಿ ಬಂದ್ರು. ಬಂದೋರು ನನ್ನ ಮುಖ ನೋಡಲಿಲ್ಲ. "ನಡಿ, ಬಿಸ್ಲು" ಅಂತ ಹಿಂದಿಂದ ತಳ್ಳಿಕೊಂಡು ಮನೆಗೆ ಕರ್ಕೊಂಡು ಹೋದ್ರು.

ಬೀದಿಗೆಲ್ಲ ಗೊತ್ತಾಯ್ತು, ನಿಮ್ಮ ಭಾವನಿಗೂ ಗೊತ್ತಾಯ್ತು. ಮಾರನೇ ದಿನ ಊಟಕ್ಕೆ ಕೂತಾಗ ಅವರು ತಟ್ಟೆ ನೋಡ್ಕೊಂಡೇ, "ಅವ್ವಾ, ಭಾನುವಾರ ಲಕ್ಷ್ಮೀನ ಊರಿಗೆ ಬಿಟ್ಟು ಬರ್ತೀನಿ. ನಮ್ಮ ಬಸ್ಸಲ್ಲೇ" ಅಂದ್ರು. ಅತ್ತೆ, "ಸೀರೆ ಒಂದು ತಂದ್ಕೊಡು, ಬರೀ ಕೈಲಿ ಕಳಿಸ್ಬೇಡ" ಅಂದ್ರು. ಅಷ್ಟೇ ಮಾತು. ಲಕ್ಷ್ಮಮ್ಮ ಅಡಿಗೆಮನೇಲಿ ಬಾಯಿಗೆ ಸೆರಗು ಇಟ್ಕೊಂಡು ನಗ್ತಿದ್ಲೋ ಅಳ್ತಿದ್ಲೋ ನನಗೆ ಕಾಣಲಿಲ್ಲ.

ನಿನಗೆ ಸಂತೋಷ ಆಗಿರುತ್ತೆ. ನನಗೂ ಆಯ್ತು. ಆದ್ರೆ ಒಂದು ಮುಳ್ಳು ಉಳಿದಿದೆ, ಅದನ್ನ ನಿನಗೆ ಬಿಟ್ಟು ಯಾರಿಗೆ ಹೇಳಲಿ. ಅವತ್ತು ಇವರನ್ನ ಕೇಳಿದೆ, "ಈ ಚಕ್ರ ಇಲ್ಲದೇ ಇದ್ದಿದ್ರೆ? ನಾನು ಗೋಣಿತಾಟಿನ ಮೇಲೇ ಇದ್ದಿದ್ರೆ?" ಅವರು ಟಿಕೀಟು ಜೋಡಿಸ್ತಾ ಕೂತಿದ್ರು. ಜೋಡಿಸ್ತಾನೇ ಇದ್ರು. ಒಲೆ ಮುಂದೆ ಕೂತು ಮುದ್ದೆ ತಿರುವಿದ್ದಕ್ಕೆ ನಾನು ಈ ಮನೇಲಿ ಉಳಿದೆ ಅಂತಾದ್ರೆ ಅದು ಎಂಥ ಉಳಿಯೋದು? ಬರದೇ ಇರೋ ಉತ್ತರಾನೇ ಜೊತೆಗಿಟ್ಕೊಂಡು ಇದ್ದೀನಿ. ಅವರು ಕೆಟ್ಟೋರಲ್ಲ. ಬೆಳಿಗ್ಗೆ ಎದ್ದು ಚಕ್ರಕ್ಕೆ ಎಣ್ಣೆ ಬಿಟ್ಟು ಹೋಗ್ತಾರೆ.

ಚಕ್ರ ಕಳಿಸ್ತೀಯೋ, ಇಲ್ಲ ನಾನೇ ಯಾರನ್ನಾದ್ರೂ ಹಿಡೀಲೋ?

ಅಕ್ಕ

*

ಬೊಂಬಾಯಿ
19-9-1959

ಅಕ್ಕ,

ಚಕ್ರ ಕಳಿಸಿದ್ದೇನೆ. ಗಟ್ಟಿ ರಬ್ಬರಿನವು, ಒಳಗೆ ಬಾಲ್‌ಬೇರಿಂಗ್ ಇದೆ, ಬೆರಳಲ್ಲಿ ಮುಟ್ಟಿದರೆ ತಿರುಗುತ್ತವೆ. ಹಳೆಯವನ್ನು ಬಿಚ್ಚಿ ಇವನ್ನು ಕೂರಿಸಲು ಬಡಗಿ ಮಹದೇವಪ್ಪನವರಿಗೆ ಕಾಗದ ಬರೆದಿದ್ದೇನೆ.

ಇಷ್ಟು ತಡವಾಗಿದ್ದಕ್ಕೆ ಕಾರಣ ನೀನು ಬರೆದ ಬೀದಿ. ಆ ಒಂದಾಣೆಯ ಕಥೆ ಓದಿದಾಗಿನಿಂದ ನಕ್ಷೆಯ ಮೇಜಿನ ಮುಂದೆ ಕೂತರೆ ಕೈ ಓಡುವುದಿಲ್ಲ. ಎಂಜಿನಿಯರರ ಹತ್ತಿರ ಹೋಗಿ, ನೆಲದ ಮೇಲೆ ಬದುಕುವವರಿಗೆ ಒಂದಷ್ಟು ಸಾಮಾನು ಮಾಡೋಣ, ತಗ್ಗಿನ ಪೀಠ, ತಗ್ಗಿನ ಮೇಜು, ಕೂತೇ ನೀರು ಬಗ್ಗಿಸುವ ಬಿಂದಿಗೆ ಅಂದೆ. ಅವರು ನಕ್ಕು, "ನೆಲದ ಮೇಲೆ ಕೂರುವವರು ನಮ್ಮಿಂದ ಸಾಮಾನು ಕೊಳ್ಳುವವರಲ್ಲ ಮಹದೇವು" ಎಂದರು. ಅವರ ಮಾತು ಸರಿ. ಅದೇ ನನ್ನನ್ನು ಕಾಡುತ್ತಿದೆ. ನಮ್ಮ ದೇಶವೆಲ್ಲ ನೆಲದ ಮೇಲೆ ಕೂತಿದೆ. ನಾನು ಮೇಲಿನ ಕುರ್ಚಿಗಳನ್ನೇ ಬರೆಯುತ್ತಿದ್ದೇನೆ.

ಹೂಟಗಳ್ಳಿಯಲ್ಲಿ ಅಪ್ಪನ ಹೊಲದ ಪಾಲು ಇನ್ನೂ ಇದೆ. ಅಲ್ಲೊಂದು ಷೆಡ್ಡು ಹಾಕಿಕೊಂಡರೆ? ನಾನು ಅಲ್ಲಿಗೇ ಬಂದು ನಿನ್ನನ್ನು ನೋಡಿಕೊಂಡು ಇರುತ್ತೇನೆ. ಒಂದು ದಿನ ಹೌದು ಅನ್ನಿಸುತ್ತದೆ, ಮರುದಿನ ಹುಚ್ಚು ಅನ್ನಿಸುತ್ತದೆ. ನೀನೇನು ಹೇಳುತ್ತೀಯ?

ಮಹದೇವು

*

ಮೈಸೂರು
6-10-1959

ಮಹದೇವುಗೆ,

ನನ್ನ ನೋಡ್ಕೊಳ್ಳೋಕೆ ಅಂತ ಬರೋದಾದ್ರೆ ಬರಬೇಡ. ನಾಳೆ ನಾನು ಇಲ್ಲದಿದ್ರೆ ಷೆಡ್ಡಿಗೆ ಬೀಗ ಹಾಕ್ತೀಯಾ?

ಸುಮಿತ್ರಮ್ಮ ಮಹಿಳಾ ಸಮಾಜದಲ್ಲಿ ಹೊಲಿಗೆ ಹೇಳಿಕೊಡೋಕೆ ನನ್ನ ಕರೆದಿದ್ದಾರೆ. ಕೈ ಮಿಷನ್ನು, ನೆಲದ ಮೇಲೆ ಇಟ್ಕೊಂಡು ಹೊಲಿಯೋದು. ದಿನಾ ಹೋಗ್ತೀನಿ. ನನಗೆ ಪುರುಸೊತ್ತಿಲ್ಲ. ಆದ್ರೆ ಜಟಕಾ ಓಡಿಸ್ತಿದ್ದ ಕಾಳಯ್ಯನಿಗೆ ಸಕ್ಕರೆ ಕಾಯಿಲೆಯಿಂದ ಕಾಲು ತೆಗೆದಿದ್ದಾರೆ. ಮೊನ್ನೆ ದಾರೀಲಿ ನನ್ನ ನಿಲ್ಲಿಸಿ, "ಇದ್ನ ಮಾಡ್ದೋರು ಎಲ್ಲವ್ರೆ ಕಣವ್ವ?" ಅಂತ ಕೇಳ್ದ. ಬೊಂಬಾಯಲ್ಲಿ ಅಂದೆ. ಅವನು ಬಗ್ಗಿ ಚಕ್ರ ಮುಟ್ಟಿ ನೋಡ್ದ.

ಕೆಲಸ ಇದೆ ಅನ್ನಿಸಿದ್ರೆ ಬಾ. ಯೋಚನೆ ಮಾಡಿ ಬರಿ.

ಅಕ್ಕ

*

ಬೊಂಬಾಯಿ
28-12-1959

ಅಕ್ಕ,

ರಾಜೀನಾಮೆ ಕೊಟ್ಟೆ. ಫೆಬ್ರವರಿ ಮೊದಲ ವಾರ ಬರುವುದು ಗಟ್ಟಿ. ಕಾಳಯ್ಯನಿಗೆ ಹೇಳು. ಹೊಸ ಚಕ್ರ ಹೇಗಿವೆ ಅಂತ ನೀನು ಬರೆದೇ ಇಲ್ಲ. ಏನಾದರೂ ಕೊರತೆ ಇದ್ದರೆ ಈ ಸಲವಾದರೂ ಮುಚ್ಚಿಡದೆ ಮೊದಲೇ ತಿಳಿಸು, ಇಲ್ಲಿಂದಲೇ ಸಾಮಾನು ತರುತ್ತೇನೆ.

ಮಹದೇವು

*

ಮೈಸೂರು
9-1-1960

ಮಹದೇವುಗೆ ಆಶೀರ್ವಾದ.

ಕೊರತೆ ಇದೆ. ಮುಚ್ಚಿಡದೆ ಹೇಳ್ತೀನಿ.

ನೆನ್ನೆ ಸಮಾಜದಿಂದ ವಾಪಸು ಬರ್ತಿದ್ದೆ. ಅತ್ತೆ ಹಿಂದೆ ಕೊಡೆ ಹಿಡ್ಕೊಂಡು ಬರ್ತಿದ್ರು. ಅವರಿಗೀಗ ಅದೊಂದು ನೆಪ, ಸಮಾಜದಲ್ಲಿ ಕೂತು ಹರಟೆ ಹೊಡೀಬೌದು ಅಂತ. ದೇವಸ್ಥಾನ ದಾಟಿದ ಮೇಲೆ ರಸ್ತೆ ಇಳಿಜಾರು. ಹೊಸದಾಗಿ ಟಾರು ಹಾಕಿದ್ದಾರೆ. ದಿನಾ ಅಲ್ಲಿ ಎರಡೂ ಹಿಡಿ ನೆಲಕ್ಕೆ ಊರಿ ತಡ್ಕೊಂಡು ಮೆಲ್ಲಗೆ ಇಳೀತಿದ್ದೆ. ನೆನ್ನೆ ಕೈ ಸೋತಿತ್ತು. ಒಂದು ಸಲ ಎತ್ತಿದೆ, ಅಷ್ಟೇ.

ಹೊರಟಿತು ಕಣೋ! ಮೊದಲು ಮೆಲ್ಲಗೆ, ಆಮೇಲೆ ಸರ್ರ್ ಅಂತ. "ಶಿವಾ! ಹಿಡ್ಕೊಳ್ಳೇ! ಹಿಡ್ಕೊಳ್ಳೇ!" ಅಂತ ಅತ್ತೆ ಕೂಗೋದು ಕೇಳಿಸ್ತು, ಆಮೇಲೆ ಅದೂ ಹಿಂದೆ ಉಳೀತು. ಸೋಡಾ ಅಂಗಡಿಯವನು ಗ್ಲಾಸು ಸಮೇತ ಪಕ್ಕಕ್ಕೆ ಹಾರಿದ. ಸೈಕಲ್ಲಿನವನು ಬೆಲ್ಲು ಹೊಡೆದ, ನನಗೆ ಬೆಲ್ಲು ಎಲ್ಲಿದೆ ಹೊಡೆಯೋಕೆ? ಸೆರಗು ಹಾರಿ ಹೋಯ್ತು, ಜಡೆ ಬಿಚ್ಚಿತು. ಕಾಲು ಬರದೇ ಇದ್ದೋಳು ಆ ರಸ್ತೇಲಿ ಎಲ್ಲರಿಗಿಂತ ಜೋರಾಗಿ ಹೋಗ್ತಿದ್ದೆ. ಭಯಕ್ಕೆ ಕಿರುಚ್ತಿದ್ದೀನಿ ಅಂದ್ಕೊಂಡಿದ್ದೆ. ಅದು ನಗು ಅಂತ ಆಮೇಲೆ ಗೊತ್ತಾಯ್ತು.

ಕೆಳಗೆ ಯಾರೋ ಮನೆ ಕಟ್ಟೋಕೆ ಮರಳು ಹಾಕಿದ್ರು. ಅದಕ್ಕೆ ಹೋಗಿ ನುಗ್ಗಿ ನಿಂತೆ. ಬಾಯಲ್ಲೆಲ್ಲ ಮರಳು. ಮೊಣಕೈ ತರಚಿದೆ, ಬೇರೇನೂ ಆಗಿಲ್ಲ, ಪೀಠಕ್ಕೂ ಏನೂ ಆಗಿಲ್ಲ. ಅತ್ತೆ ಏದುಸಿರು ಬಿಡ್ತಾ ಬಂದು ನನ್ನ ಭುಜಕ್ಕೆ ಎರಡು ಬಾರಿಸಿ, ಅಲ್ಲೇ ಮರಳ ಮೇಲೆ ಕೂತುಬಿಟ್ರು. "ಇದ್ಕೆ ಬಿರೇಕು ಎಲ್ಲೈತೆ ಅಂತ ಕೇಳು ಆ ನಿನ್ ತಮ್ಮನ್ನ" ಅಂದ್ರು.

ಕೇಳ್ತಿದ್ದೀನಿ. ಬರುವಾಗ ಬ್ರೇಕು ಮಾಡ್ಕೊಂಡು ಬಾ. ಹಿಂದೆ ಬರೋರ ಕೈಗೆ ಸಿಗೋದು ಬೇಡ. ನನ್ನ ಕೈಗೇ ಸಿಗಬೇಕು. ಹಿಡಿಯೋದು ಯಾವಾಗ, ಬಿಡೋದು ಯಾವಾಗ ಅಂತ ನಾನು ನೋಡ್ಕೋತೀನಿ.

ಅಕ್ಕ